ರಾಣಿ ಪಾತ್ರದ ಸಾಕಮ್ಮ

ಪಾಂಡವಪುರದ ಸಾಕಮ್ಮನಿಗೆ ಊರಿಗೊಬ್ಬ ಗಂಡ. ಕಿಕ್ಕೇರಿಯಲ್ಲಿ ಹಾಲಿನ ಡೈರಿ ಸೆಕ್ರೆಟರಿ, ಸಂತೆಬಾಚಹಳ್ಳಿಯಲ್ಲಿ ಟ್ರಾಕ್ಟರು ಡ್ರೈವರು, ನಾಗಮಂಗಲದ ಕಡೆ ಯಾರೋ ಮೇಷ್ಟ್ರು. ಮನೆಮನೆಗೆ ಟೀವಿ ಬಂದರೂ ಈ ಕಡೆ ಪೌರಾಣಿಕ ನಾಟಕ ನಿಂತಿಲ್ಲ; ಊರ ಗಂಡಸರೇ ರಾಜರಾಗುತ್ತಾರೆ, ರಾಣಿಯನ್ನು ಮಾತ್ರ ಹೊರಗಿನಿಂದ ಕರೆಸುತ್ತಾರೆ. ತಲೆಗೆ ಕಿರೀಟ ಏರಿತೆಂದರೆ ಆ ರಾಜರಿಗೆಲ್ಲ ಮಾತು ಮರೆತುಹೋಗುತ್ತದೆ. ಆಗ ಸಾಕಮ್ಮ ನಾಚಿದವಳಂತೆ ತಲೆ ತಗ್ಗಿಸಿ, ತುಟಿ ಅಲ್ಲಾಡಿಸದೆ, "‘ಎಲೈ ಮಂತ್ರಿ’ ಅನ್ನಣ್ಣ, ಜನ ನೋಡ್ತಾವ್ರೆ" ಎಂದು ಪಿಸುಗುಟ್ಟುತ್ತಾಳೆ. ಹೀಗೆ ಗಂಡಂದಿರನ್ನೆಲ್ಲ ದಡ ಮುಟ್ಟಿಸಿ, ಬೆಳಗಿನ ಮೊದಲ ಬಸ್ಸಿನಲ್ಲಿ ಕೆನ್ನೆಯ ಬಣ್ಣವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ, "ಸಾಕಾಗೋಯ್ತು ಕಣವ್ವ, ಈ ವರ್ಸ ಬುಟ್ಬುಡ್ತೀನಿ" ಎಂದು ಪಕ್ಕದಲ್ಲಿ ಕೂತವರಿಗೆ ಹೇಳದ ದಿನವಿಲ್ಲ. ನಿಜವಾದ ಗಂಡ ಸತ್ತ ಮೇಲೆ ಮನೆ ನಡೆಸಿದ್ದು ಆ ಬಣ್ಣವೇ. ಆದರೆ ಮಗಳು ರಂಜಿತಳನ್ನು ನೋಡಲು ಶ್ರೀರಂಗಪಟ್ಟಣದಿಂದ ಗಂಡಿನವರು ಬಂದ ದಿನ, ನಾಟಕದವಳ ಮಗಳೆಂದು ತಿಳಿದರೆ ಎದ್ದುಹೋದಾರೆಂದು ಹೆದರಿ, ವಾರಗಿತ್ತಿಯನ್ನು ತಾಯಿಯ ಜಾಗದಲ್ಲಿ ಕೂರಿಸಿ ತಾನು ಕಾಫಿ ತಂದಳು. "ತಾವು ಹುಡ್ಗೀಗೆ ಏನಾಗ್ಬೇಕವ್ವ?" ಎಂದು ಗಂಡಿನ ತಂದೆ ಕೇಳಿದಾಗ, ಬಣ್ಣ ಹಚ್ಚಲು ಶುರುಮಾಡಿದ ಮೇಲೆ ಮೊದಲ ಸಲ, ಸಾಕಮ್ಮನಿಗೆ ಮಾತು ಮರೆತುಹೋಯಿತು. ರಂಜಿತ ನಾಚಿದವಳಂತೆ ತಲೆ ತಗ್ಗಿಸಿ, ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: "‘ಚಿಕ್ಕವ್ವ’ ಅನ್ನವ್ವ, ಜನ ನೋಡ್ತಾವ್ರೆ."