ಬೂವಮ್ಮನ ನಿಂಬೆಹಣ್ಣು

ಅರವತ್ತನೇ ಇಸವಿಯ ಆಚೀಚೆ ಶಿರಾದ ನಮ್ಮ ಬೀದಿಯಲ್ಲಿ ನಾನ್‌ಖಟಾಯಿ ಬೇಯಿಸಲು ಇದ್ದದ್ದು ಒಂದೇ ಮಣ್ಣಿನ ಭಟ್ಟಿ, ಅದು ಅಫ್ಜಲುನ್ನೀಸಾ ಬೂವಮ್ಮನ ಹಿತ್ತಲಿನದು. ಆದರೆ ಬಿಸ್ಕತ್ತು ಜೋಡಿಸುವ ತಗಡಿನ ತಟ್ಟೆ ಆರಿಸುವಾಗ ಆಕೆಯಂಥ ಹಟಮಾರಿ ಇನ್ನೊಬ್ಬರಿಲ್ಲ. ತಗಡಿನ ಕೆಲಸದ ಬೋರಪ್ಪನ ಅಂಗಡಿಯಲ್ಲಿ ತಟ್ಟೆಯನ್ನು ನೆಲಕ್ಕಿಟ್ಟು, ಸೆರಗಿನ ಗಂಟಿನಿಂದ ನಿಂಬೆಹಣ್ಣು ಬಿಚ್ಚಿ ಅದರ ನಡುವೆ ಇಡುವರು. ಹಣ್ಣು ಉರುಳಿದರೆ ತಟ್ಟೆ ಸೊಟ್ಟ.

ಪ್ರತಿ ತಟ್ಟೆಯಲ್ಲೂ ಉರುಳುತ್ತಿತ್ತು. ಉರುಳದೆ ಏನು ಮಾಡೀತು? ಮಳೆನೀರು ನಿಲ್ಲದಿರಲೆಂದು ಬೋರಪ್ಪ ಅಂಗಡಿಯ ನೆಲವನ್ನೇ ಬೀದಿಯ ಕಡೆಗೆ ಇಳಿಜಾರಾಗಿ ವಾಟ ಮಾಡಿಸಿದ್ದ.

“ವಾಟ ಇರೋದು ನೆಲಕ್ಕೆ ಕಣ್ ಬೂವಮ್ಮ!” ಎಂದು ಅವನು ಬಾಯಿ ಬಡಿದುಕೊಂಡ.

“ತಟ್ಟೆ ಮಾಡಾಕೆ ಬರಾಕಿಲ್ಲ, ತಪ್ಪು ನೆಲದ ಮ್ಯಾಲೆ ಹಾಕ್ತೀಯಾ?”

ಕೊನೆಗೊಂದು ದಿನ ಹಣ್ಣು ಅಲುಗದೆ ನಿಂತಿತು. ಅದು ಗುಜರಿಗೆಂದು ಎತ್ತಿಟ್ಟಿದ್ದ ತಟ್ಟೆ. ಅದರ ಒಂದು ಅಂಚು ಕೆಳಕ್ಕೆ ಬಾಗಿ, ಇಳಿಜಾರಿಗೆ ಸರಿಯಾಗಿ ಕಾಲು ಕೊಟ್ಟಂತಿತ್ತು. ಬೂವಮ್ಮ ಗೆದ್ದವರಂತೆ ಮನೆಗೆ ಒಯ್ದರು.

ಮನೆಯ ಭಟ್ಟಿಯಲ್ಲಿ ತುಪ್ಪ ಕರಗಿದ್ದೇ ತಡ, ಬಿಸ್ಕತ್ತುಗಳೆಲ್ಲ ಒಂದೇ ಮೂಲೆಗೆ ಜಾರಿ ಮುದ್ದೆಯಾದವು. ತಟ್ಟೆಯನ್ನು ಅನುಮಾನಿಸುವ ಹೆಂಗಸೇ ಆಕೆ? “ಭಟ್ಟಿ ಸೊಟ್ಟಗೈತೆ” ಎಂದು ಅದರ ತಳವನ್ನೇ ಒಡೆಸಿ, ತಟ್ಟೆಯೊಳಗೆ ನಿಂಬೆಹಣ್ಣು ನಿಲ್ಲುವ ಹಾಗೆ ವಾಟವಾಗಿ ಕಟ್ಟಿಸಿದರು. ಆಮೇಲೆ ಅವರ ನಾನ್‌ಖಟಾಯಿ ಹುಣ್ಣಿಮೆ ಚಂದ್ರನಂತೆ ಬಂದವು.

ಹಬ್ಬಕ್ಕೆ ನಮ್ಮವ್ವ ತನ್ನ ಹೊಚ್ಚಹೊಸ, ನೆಟ್ಟಗಿನ ತಟ್ಟೆ ಹೊತ್ತು ಅದೇ ಭಟ್ಟಿಗೆ ಹೋದಳು. ಬಿಸ್ಕತ್ತೆಲ್ಲ ಜಾರಿ ಒಂದೇ ರೊಟ್ಟಿಯಾಗಿ ಹೊರಬಂತು. ಬೂವಮ್ಮ ಅದನ್ನು ನೋಡಿ ಮರುಗಿದರು. ಸೆರಗಿನ ಗಂಟು ಬಿಚ್ಚಿ, ಅವ್ವನ ಕೈಗೆ ನಿಂಬೆಹಣ್ಣು ಇಟ್ಟರು.

“ತಟ್ಟೆ ನೋಡಿ ತಗೋಬೇಕು ಕಣಮ್ಮ.”