ಹೊಟ್ಟೆ ಬಂದ ಗೋಲುಗಾರ

ಉದರ ಉದಾರವಾದ ಮೇಲೆ ಬೂಟಿನ ಲೇಸು ಕಟ್ಟಿಕೊಳ್ಳುವುದೂ ಒಂದು ಯೋಗಾಸನವೇ, ನಂಬಿ. ಅಬುಧಾಬಿಗೆ ಬಂದ ಹೊಸದರಲ್ಲಿ ಶುಕ್ರವಾರ ಬೆಳಿಗ್ಗೆ ಅಲ್ ಮೀನಾದ ಬಯಲೊಂದರಲ್ಲಿ ಗೆಳೆಯರೊಡನೆ ಫುಟ್‌ಬಾಲ್ ಆಡುತ್ತಿದ್ದ ನಾನು, ಆಫೀಸಿನ ಕುರ್ಚಿಯ ಅನುಗ್ರಹದಿಂದ ಗೋಲು ಹೊಡೆಯುವವನು ಹೋಗಿ ಸ್ವತಃ ಗೋಲವೇ ಆಗಿದ್ದೆ. ಉಳಿದದ್ದು ಗೋಳು ಮಾತ್ರ. ಒಮ್ಮೆ ಕಾಲು ಉಳುಕಿದ್ದೇ ಆಟ ಬಿಟ್ಟೆ.

ಒಂದು ಸಂಜೆ ಆ ಬೂಟುಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಹಮ್ದಾನ್ ಸ್ಟ್ರೀಟಿನ ನಮ್ಮ ಕಟ್ಟಡದಲ್ಲಿ ಲಿಫ್ಟಿಗೆ ಕಾಯುತ್ತಿದ್ದಾಗ ಮೇಲಿನ ಮಹಡಿಯ ಇಲೋನಾ ಸಿಕ್ಕರು. ಹಂಗೇರಿಯವರು, ಮಕ್ಕಳಿಗೆ ಪಿಯಾನೋ ಕಲಿಸುವ ಅರವತ್ತರ ಆಸುಪಾಸಿನ ಹೆಂಗಸು.

"ಯಾಕೆ ಕೊಡುತ್ತೀರಿ?" ಎಂದರು ಇಂಗ್ಲಿಷಿನಲ್ಲಿ. ನಾನು ಹೊಟ್ಟೆ ತಟ್ಟಿ ತೋರಿಸಿದೆ. ಅವರು ನಗಲಿಲ್ಲ. "ನಮ್ಮಲ್ಲಿ ಒಬ್ಬ ಆಟಗಾರನಿದ್ದ," ಎಂದು ಶುರುಮಾಡಿದರು.

ಗಿಡ್ಡ, ದಪ್ಪ ಮೈ, ಎಡಗಾಲೊಂದನ್ನೇ ನಂಬಿದವನು. ಆ ಕಾಲಿನಿಂದಲೇ ಹಂಗೇರಿಯನ್ನು ಜಗತ್ತು ಬೆರಗಾಗುವಂತೆ ಗೆಲ್ಲಿಸಿದವನು. ತಂಡದೊಡನೆ ಪರದೇಶದಲ್ಲಿದ್ದಾಗ ಊರಲ್ಲಿ ದಂಗೆಯೆದ್ದು, ಅದನ್ನು ಅಡಗಿಸಲು ಹೊರದೇಶದ ಟ್ಯಾಂಕುಗಳು ಬಂದವು, ಆತ ಹಿಂದಿರುಗಲಿಲ್ಲ. ಅದಕ್ಕೆ ಆಡಬಾರದೆಂಬ ನಿಷೇಧ ಬಿತ್ತು, ಮೈ ಊದಿತು, ವಯಸ್ಸು ಮೂವತ್ತು ದಾಟಿತು, ಅವನ ಕಥೆ ಮುಗಿಯಿತೆಂದರು ಜನ. ಆಗ ಸ್ಪೇನಿನ ಕ್ಲಬ್ಬೊಂದು ಕರೆಯಿತು. ಹೊಟ್ಟೆಯನ್ನು ಮುಂದಿಟ್ಟುಕೊಂಡೇ ಅಲ್ಲಿ ವರ್ಷಗಟ್ಟಲೆ ಗೋಲು ಸುರಿಸಿದ. ಯುರೋಪಿನ ಫೈನಲ್ಲೊಂದರಲ್ಲಿ ಒಬ್ಬನೇ ನಾಲ್ಕು. ತಾಯ್ನಾಡನ್ನು ಮತ್ತೆ ಕಂಡದ್ದು ತಲೆ ನರೆತ ಮೇಲೆ.

ಲಿಫ್ಟು ಬಂದು ಬಂದು ಹೋಗುತ್ತಿತ್ತು. ಅದರ ಉಕ್ಕಿನ ಬಾಗಿಲಿನ ಮಸುಕು ಹೊಳಪಿನಲ್ಲಿ ಯಾರೋ ದುಂಡಗಿನ ಮನುಷ್ಯ ಚೆಂಡನ್ನು ಕಾಲಲ್ಲೇ ಸವರಿಕೊಂಡು ಸಾಗಿದಂತಾಯಿತು. ನನ್ನದೇ ಪ್ರತಿಬಿಂಬವಿದ್ದೀತು.

ಬೂಟುಗಳು ಮನೆಗೆ ಮರಳಿದವು. ಶುಕ್ರವಾರ ಇಲೋನಾರನ್ನೂ ಕರೆದುಕೊಂಡು ಹೋದೆ. ಕಡಲ ಮಂಜು ಇನ್ನೂ ಕರಗದ ಬಯಲಿನಲ್ಲಿ, ಗೋಲ್‌ಕೀಪರಾಗಿ ನಿಂತಿದ್ದ ಮಂಗಳೂರಿನ ಗೆಳೆಯ ವಿನ್ಸೆಂಟ್ ನನ್ನನ್ನು ಕಂಡವನೇ, "ಎಂತ ಮಾರಾಯ, ಹೊಟ್ಟೆಯನ್ನು ಮುಂದೆ ಕಳಿಸಿ ನೀನು ಹಿಂದಿನಿಂದ ಬರುವುದಾ? ಯಲ್ಲಾ, ಬೇಗ ಬಾ!" ಎಂದ.

ಬಹಳ ಹೊತ್ತಿನ ಮೇಲೆ ಚೆಂಡು ನನ್ನ ಕಾಲಿಗೆ ಸಿಕ್ಕಿತು. ಒದ್ದೆ. ಅದು ಯಾವ ಅವಸರವೂ ಇಲ್ಲದೆ ಉರುಳಿತು. ವಿನ್ಸೆಂಟ್ ಭಾರೀ ಆಡಂಬರದಿಂದ ಹಾರಿದ. ಚೆಂಡು ಅವನ ಮೊಣಕಾಲಿಗೆ ತಾಗಿ ಒಳಗೆ ಹೋಯಿತು. ಬಯಲೆಲ್ಲ ನಗು. "ಖಲಾಸ್! ಇದು ಗೋಲಲ್ಲ, ನನ್ನ ದಾನ!" ಎಂದು ಮಲಗಿದಲ್ಲಿಂದಲೇ ಕೂಗಿದ.

ಹಿಂದಿರುಗುವಾಗ ಇಲೋನಾ ಕಾರಿನ ಕಿಟಕಿಯಾಚೆ ನೋಡುತ್ತ ಹೇಳಿದರು: "ಬಯಲಲ್ಲಿ ನಿಂತು ಆಟ ನೋಡಿದ್ದು ಇದೇ ಮೊದಲು. ಆ ಆಟಗಾರ ಹಿಂದಿರುಗದ ವರ್ಷ ನನ್ನ ಅಪ್ಪ ಮೈದಾನಕ್ಕೆ ಹೋಗುವುದನ್ನೇ ಬಿಟ್ಟ. ನಮ್ಮ ಮನೆಯಲ್ಲಿ ಫುಟ್‌ಬಾಲ್ ಅಂದರೆ ದುಃಖದ ಮಾತು."

"ಇವತ್ತು ಹೇಗನ್ನಿಸಿತು?"

"ಆಡುವವರು ಇಷ್ಟೊಂದು ನಗುತ್ತಾರೆಂದು ಅಪ್ಪ ಹೇಳಿರಲೇ ಇಲ್ಲ," ಎಂದು ಕಣ್ಣೊರೆಸಿಕೊಂಡು, ಮುಂದಿನ ವಾರ ಎಷ್ಟು ಗಂಟೆಗೆ ಹೊರಡುವುದೆಂದು ಕೇಳಿದರು.