ಚಿಮಣಿ ಎಣ್ಣೆ ಕುಡಿದ ಮೆಟಡೋರು

ನಸೀರುದ್ದೀನ ಹುಟ್ಟಿದ್ದು ಶಹಾಪುರದಲ್ಲಿ, ಬಾಳು ಮಾಡಿದ್ದು ಮೆಟಡೋರಿನಲ್ಲಿ. ಮುಂದೆ ಸ್ಟೇರಿಂಗು, ನಡುವೆ ಹತ್ತಿ ಹಿಂಜುವ ಯಂತ್ರ, ಹಿಂದೆ ಸ್ಟೋವು, ಟ್ರಂಕು, ಹೆಂಡತಿ ಖಾಜಾಬೀ. ಕಾಲುವೆಗೆ ನೀರು ಬಂದು ಜೋಳದ ಹೊಲಗಳೆಲ್ಲ ಗದ್ದೆಯಾದ ಮೇಲೆ ಜನರಿಗೆ ಮೆತ್ತಗೆ ಮಲಗುವ ಚಟ ಹತ್ತಿತು. ಚಾಪೆಯ ಮೇಲೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದವರಿಗೂ ಗಾದಿ ಬೇಕಾಯಿತು. ಗಂಡಹೆಂಡಿರು ಸುರಪುರದಿಂದ ಹತ್ತಿಕುಣಿಯವರೆಗೆ ಊರೂರು ಸುತ್ತಿ, ಗಿರಾಕಿಯ ಮನೆಯ ಕರೆಂಟಿಗೆ ಯಂತ್ರದ ವೈರು ಸಿಕ್ಕಿಸಿ, ಗಂಟುಗಟ್ಟಿದ ಹತ್ತಿ ಹಿಂಜಿ ಗಾದಿ ಹೊಲಿದು ಕೊಡುತ್ತಿದ್ದರು.

ಆಮೇಲೆ ಡೀಸೆಲ್ ದರ ಏರತೊಡಗಿತು. ಏರಿದ್ದು ಇಳಿಯುವ ಮಾತೇ ಇಲ್ಲ. ನಸೀರುದ್ದೀನ ಇಳಿಜಾರು ಸಿಕ್ಕರೆ ಎಂಜಿನ್ ಬಂದ್ ಮಾಡಿ ಗಾಡಿ ಉರುಳಿಸಿದ. ಒಂದು ಊರಿಗೆ ಹೋದರೆ ಕೊನೆಯ ದಿಂಬು ಮುಗಿಯುವವರೆಗೆ ಅಲ್ಲಾಡಲಿಲ್ಲ. ಇಷ್ಟೆಲ್ಲ ಮಾಡಿ ಮುಂದಿನ ಊರಿಗೆ ಹೋದರೆ ಅಲ್ಲಿ ಲಾಡ್ಲೇಸಾಬ ಆಗಲೇ ಬಂದು ಕೂತಿರುತ್ತಿದ್ದ.

ಲಾಡ್ಲೇಸಾಬ ಅವನ ಚಿಕ್ಕಪ್ಪನ ಮಗ. ಸೂಜಿ ಹಿಡಿಯುವುದನ್ನೂ ನಸೀರುದ್ದೀನನೇ ಕಲಿಸಿದ್ದು. ಈಗ ಅವನದೂ ಒಂದು ಹಳೇ ಮೆಟಡೋರು, ಅದರಲ್ಲೇ ಮನೆ. ಇವತ್ತು ಬೋನಾಳ, ನಾಳೆ ಇನ್ನೊಂದು ಊರು. ಅವನಿಗೆ ಡೀಸೆಲ್ಲಿನ ಚಿಂತೆಯೇ ಇಲ್ಲ. ಬಂಕಿನಲ್ಲಂತೂ ಅವನ ಗಾಡಿಯನ್ನು ಯಾರೂ ಕಂಡಿರಲಿಲ್ಲ. ನಸೀರುದ್ದೀನನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

"ನಿಮ್ಮ ಹೊಟ್ಟಿ ಉರಿಯೋ ಉರಿಗೆ ಅನ್ನಾ ಬೇಯ್ತದ, ಸ್ಟೋವಿನ ಖರ್ಚರೆ ಉಳೀತದ ಬಿಡ್ರಿ," ಎಂದಳು ಖಾಜಾಬೀ.

"ಏನೋ ಕಳ್ಳ ಹಿಕಮತ್ತು ಅದ ಅವನ ಹಂತ್ಯಾಕ," ಎಂದ ನಸೀರುದ್ದೀನ.

ಬೋನಾಳದಲ್ಲಿ ಅವನು ಸಹಿಸಲಾರದೆ ಕೇಳಿಯೇಬಿಟ್ಟ. 'ನಿನ್ನ ಗಾಡಿ ಎಷ್ಟು ಡೀಸೆಲ್ ಕುಡಿಯುತ್ತದೆ' ಎಂದು ನೇರವಾಗಿ ಕೇಳಲು ಮಾನ ಅಡ್ಡ ಬಂತು. ತಾನು ಗುರು, ಅವನು ಶಿಷ್ಯ. ಬೇಲಿಯ ಕಡೆ ಮುಖ ಮಾಡಿ, "ಎಂಟು ದಿನಕ್ಕ ಎಣ್ಣಿ ಎಷ್ಟು ಬೇಕಾಗ್ತದೋ ನಿನಗ?" ಎಂದ. ಈ ಸೀಮೆಯಲ್ಲಿ ಡೀಸೆಲ್ಲೂ ಎಣ್ಣಿಯೇ, ಒಗ್ಗರಣೆಯದೂ ಎಣ್ಣಿಯೇ, ಸೀಮೆಎಣ್ಣೆ ಅಂದರೆ ಚಿಮಣಿ ಎಣ್ಣಿ.

ಲಾಡ್ಲೇಸಾಬ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಚಿಮಣಿ ಎಣ್ಣಿ ಏನಣ್ಣ? ಆ ನೀಲಿ ಡಬ್ಬಿ ತುಂಬಿದ್ರ ಸಾಕು. ಆರಾಮ ನಡೀತದ."

ಅವನು ಹೇಳಿದ್ದು ಅನ್ನ ಬೇಯಿಸುವ ಸ್ಟೋವಿನ ಮಾತು. ನಸೀರುದ್ದೀನನ ಕಿವಿಗೆ ಬಿದ್ದದ್ದು ಗಾಡಿಯ ಮಾತು. ಇದಾ ಇವನ ಗುಟ್ಟು! ಗುರುವಿಗೇ ಮುಚ್ಚಿಟ್ಟಿದ್ದನಲ್ಲ ಎಂದು ಇನ್ನಷ್ಟು ಉರಿದುಕೊಂಡ. ಅವತ್ತೇ ಸುರಪುರದಲ್ಲಿ ಅವರಿವರ ಕೈಕಾಲು ಹಿಡಿದು ರೇಷನ್ನಿನ ಚಿಮಣಿ ಎಣ್ಣೆ ಒಟ್ಟು ಮಾಡಿದ. ಖಾಜಾಬೀ ಬೇಡ ಎಂದಳು. ಈ ಗಾಡಿ ಕೆಟ್ಟರೆ ಮನೆಯೂ ಹೋಯಿತು, ಅನ್ನವೂ ಹೋಯಿತು ಎಂಬುದು ಅವನಿಗೂ ತಿಳಿಯದ್ದಲ್ಲ. ಆದರೂ ಟ್ಯಾಂಕಿಗೆ ಸುರಿದ.

ಎರಡು ದಿನ ಗಾಡಿ ಚೆನ್ನಾಗಿಯೇ ಓಡಿತು. ನಸೀರುದ್ದೀನ ಹಾಡು ಗುನುಗಿದ. ಮೂರನೆಯ ದಿನ ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ಎಂಜಿನ್ ಕಟಕಟ ಎಂದಿತು, ಬಿಳಿ ಹೊಗೆ ಉಗುಳಿತು, ನಿಂತಿತು. ಶಹಾಪುರದಿಂದ ಬಂದ ಮೇಸ್ತ್ರಿ ಬಿಚ್ಚಿ ನೋಡಿ, "ಚಿಮಣಿ ಎಣ್ಣಿ ಪಂಪು, ಪಿಸ್ಟನ್ನು ಎಲ್ಲಾ ತಿಂದು ಹಾಕ್ಯದ. ಗುಜರಿಗೆ ಹಾಕ್ರಿ," ಎಂದು ಕೈ ಒರೆಸಿಕೊಂಡು ಹೋದ. ಖಾಜಾಬೀ ಬಾಯಿಗೆ ಸೆರಗು ಒತ್ತಿ ಏರಿಯ ಮೇಲೆ ಕೂತಳು. ಬೈದಿದ್ದರೂ ವಾಸಿಯಿತ್ತು.

ಅಷ್ಟರಲ್ಲಿ ಗದ್ದೆಗೆ ಹೊರಟ ಟ್ರ್ಯಾಕ್ಟರೊಂದು ಬಂತು. ಅದರ ಹಿಂದೆ ಹಗ್ಗ. ಹಗ್ಗದ ತುದಿಗೆ ಲಾಡ್ಲೇಸಾಬನ ಮೆಟಡೋರು. ಒಳಗೆ ಸ್ಟೇರಿಂಗು ಹಿಡಿದು ಕೂತಿದ್ದ ಲಾಡ್ಲೇಸಾಬ ಅಣ್ಣನನ್ನು ಕಂಡು ತಲೆ ತಗ್ಗಿಸಿದ. ಕೂಗಿ ಟ್ರ್ಯಾಕ್ಟರ್ ನಿಲ್ಲಿಸಲು ಹೇಳಿ ಇಳಿದು ಬಂದ.

"ಎಂಜಿನ್ ಹೋಗಿ ಭಾಳ ದಿನಾ ಆಯ್ತಣ್ಣ. ಹೊಸಾದು ಹಾಕಸಾಕ ಆಗಲಿಲ್ಲ. ಟ್ರ್ಯಾಕ್ಟರ್ನವರ ಮನೀ ಗಾದಿ ಪುಕ್ಕಟೆ ಹಿಂಜಿ ಕೊಡ್ತೀನಿ, ಹೊಲಕ್ಕ ಹೋಗೋ ದಾರ್‍ಯಾಗ ಅವರು ನನ್ನ ಎಳಕೊಂಡು ಹೋಗ್ತಾರ. ಊರು ಮುಟ್ಟಿದ ಕೂಡ್ಲೇ ಹಗ್ಗ ಬಿಚ್ಚಿ ಮುಚ್ಚಿಡ್ತಿದ್ದೆ."

"ಯಾಕ ಮುಚ್ಚಿಟ್ಟಿ?"

"ನಿನ್ನ ಗಾಡಿ ತಾನಾಗೇ ಓಡ್ತಿತ್ತಲ್ಲ. ಅದರ ಸಪ್ಪಳ ಕೇಳಿದ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳ್ತಿತ್ತಣ್ಣ. ಅದಕ್ಕೇ ನಿನಗಿಂತ ಮೊದಲ ಊರು ಮುಟ್ತಿದ್ದೆ."

ನಸೀರುದ್ದೀನ ತೆರೆದ ಬಾನೆಟ್ಟಿನ ಕಡೆ ನೋಡಿದ. ಇಷ್ಟು ದಿನ ಒಬ್ಬ ಮನುಷ್ಯ ಕರುಬುವಂಥ ಗಾಡಿ ತನ್ನದಾಗಿತ್ತು. ಅದು ತನಗೇ ಗೊತ್ತಿರಲಿಲ್ಲ.

ಲಾಡ್ಲೇಸಾಬ ಮೂಗಿಗೆ ಬಡಿದ ವಾಸನೆ ಹಿಡಿದು ಟ್ಯಾಂಕಿನ ಮುಚ್ಚಳ ತೆರೆದ. ಬೋನಾಳದ ಮಾತು ನೆನಪಾಯಿತೋ ಏನೋ, ಮುಖ ಬಾಡಿತು. ತನ್ನ ಗಾಡಿಯಿಂದ ಇನ್ನೊಂದು ಹಗ್ಗ ತಂದು, ನಸೀರುದ್ದೀನನ ಮೆಟಡೋರನ್ನು ತನ್ನದರ ಹಿಂದೆ ಕಟ್ಟಿದ. ಬಿಗಿ ನೋಡಿ ತಲೆ ಎತ್ತಿದಾಗ ಅವನ ಕಣ್ಣಲ್ಲಿ ಬರೀ ಕನಿಕರವಿತ್ತು. ನಸೀರುದ್ದೀನನಿಗೆ ಅದನ್ನು ತಡೆಯಲಾಗಲಿಲ್ಲ.

"ಹಂಗ ಅಯ್ಯೋ ಪಾಪ ಅಂತ ನೋಡಬ್ಯಾಡಲೇ ಲಾಡ್ಲೇ," ಎಂದ. "ಮೊದಲಿನಂಗೇ ಹೊಟ್ಟಿ ಉರಕೋ."